ಬೇಡವೆಂದರೂ ಬರೆಸಿದ ಹೆಸರು: ಅಳಿಸಲೇ, ಮುಚ್ಚಲೇ?

ಪ್ರಶ್ನೆ: ಡಾಕ್ಟರೇ, ನನಗೆ 29 ವರ್ಷ. ಎಡಗೈ ಮಣಿಕಟ್ಟಿನಿಂದ ಸ್ವಲ್ಪ ಮೇಲೆ, ಒಳಭಾಗದಲ್ಲಿ, ನಾನು ಬಿಟ್ಟು ಬಂದ ಗಂಡನ ಹೆಸರಿನ ಟ್ಯಾಟೂ ಇದೆ. ಕಪ್ಪು ಅಕ್ಷರ, ಕೊನೆಯಲ್ಲೊಂದು ಸಣ್ಣ ಕೆಂಪು ಹೃದಯ. ಮದುವೆಯಾದ ಹೊಸತರಲ್ಲಿ, ನಾನು ಬೇಡ ಬೇಡ ಎಂದರೂ ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿ ಹಾಕಿಸಿದ. "ಇನ್ನು ನೀನು ಎಲ್ಲಿಗೆ ಹೋದರೂ ನನ್ನವಳೇ" ಎಂದಿದ್ದ. ಆಮೇಲೆ ಅದೇ ಕೈಗೆ ಸಿಗರೇಟಿನಿಂದ ಸುಟ್ಟದ್ದೂ ಆಯಿತು. ಟ್ಯಾಟೂ ಪಕ್ಕದಲ್ಲೇ ಎರಡು ಕಲೆಗಳಿವೆ. ಈಗ ತವರಿನಲ್ಲಿದ್ದೇನೆ, ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ. ಕೆಲಸಕ್ಕೂ ಸೇರಿದ್ದೇನೆ. ಬಿರುಬೇಸಿಗೆಯಲ್ಲೂ ತುಂಬುತೋಳಿನ ಬಟ್ಟೆ ಹಾಕಿಕೊಂಡೇ ಹೋಗುತ್ತೇನೆ. ಸುಣ್ಣ, ಸೋಡಾ ಕಲಸಿ ಹಚ್ಚಿದರೆ ಹೋಗುತ್ತದೆ ಎಂದು ಅಮ್ಮ ಹೇಳುತ್ತಾರೆ. ಅದರ ಮೇಲೇ ದೊಡ್ಡದೊಂದು ನವಿಲು ಹಾಕಿಸಿಕೊಂಡು ಬಿಡು ಎನ್ನುತ್ತಾನೆ ತಮ್ಮ. ಲೇಸರ್ ಮಾಡಿಸಿದರೆ ಕೈ ತೊನ್ನಿನ ಹಾಗೆ ಬೆಳ್ಳಗಾಗುತ್ತದೆ ಎಂದು ಗೆಳತಿ ಹೆದರಿಸಿದ್ದಾಳೆ. ಏನು ಮಾಡಲಿ? ಇಷ್ಟು ಸಣ್ಣ ವಿಷಯಕ್ಕೆ ದುಡ್ಡು ಸುರಿಯುವುದು ತಪ್ಪಲ್ಲವೇ?
— ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ತಪ್ಪಲ್ಲ. ಸಣ್ಣ ವಿಷಯವೂ ಅಲ್ಲ. ಬೇಡ ಎಂದವಳ ಮೈಗೆ ಸೂಜಿ ಚುಚ್ಚಿಸಿ ತನ್ನ ಹೆಸರು ಬರೆಸುವುದು ಹಿಂಸೆ. ಹೊಡೆತದ ಬಾಸುಂಡೆಯಾದರೆ ನಾಲ್ಕು ದಿನಕ್ಕೆ ಇಳಿಯುತ್ತಿತ್ತು, ಇದು ಇಳಿಯಲಿಲ್ಲ, ಅಷ್ಟೇ. ಇದನ್ನು ತೆಗೆಸುವುದು ಗಾಯಕ್ಕೆ ಮಾಡಿಸುವ ಚಿಕಿತ್ಸೆ. ಮನೆಯಲ್ಲಿ ಯಾರಾದರೂ ಇದನ್ನು ಶೋಕಿ ಎಂದರೆ ಈ ಸಾಲುಗಳನ್ನೇ ಅವರಿಗೆ ಓದಿ ಹೇಳಿ.

ಚರ್ಮರೋಗ ವೈದ್ಯರ ಬಳಿ ಟ್ಯಾಟೂ ತೆಗೆಸಲು ಬರುವವರು ಹಲವು ಬಗೆಯವರು. ಸೇನೆಗೆ, ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ಹುಡುಗರು ಬರುತ್ತಾರೆ. ಅವರಿಗೆ ದೈಹಿಕ ಪರೀಕ್ಷೆಯ ದಿನಾಂಕದ್ದೇ ಚಿಂತೆ. ಚಿಕ್ಕಂದಿನಲ್ಲಿ ಅಜ್ಜಿ ಹಣೆಗೋ ಗದ್ದಕ್ಕೋ ಹಚ್ಚೆ ಚುಕ್ಕಿ ಇಡಿಸಿ, ಊರು ಬಿಟ್ಟು ಕಾಲೇಜಿಗೆ ಬಂದ ಮೇಲೆ ಗೇಲಿ ಕೇಳಿ ನೊಂದ ಹುಡುಗಿಯರು ಬರುತ್ತಾರೆ. ನಿಮ್ಮಂಥವರೂ ಬರುತ್ತಾರೆ, ಆದರೆ ಬೇರೆ ನೆಪ ಹೇಳಿಕೊಂಡು. ಮೊಡವೆಗೆ ಔಷಧ ಕೇಳಿ, ಚೀಟಿ ಬರೆಸಿಕೊಂಡು ಎದ್ದು ನಿಂತ ಮೇಲೆ ತೋಳು ಸರಿಸಿ "ಇದೊಂದಕ್ಕೆ ಏನಾದರೂ ಇದೆಯಾ" ಎಂದು ಕೇಳುತ್ತಾರೆ. ಬರೆಸಿದವನಿಗಿಲ್ಲದ ನಾಚಿಕೆ ಬರೆಸಿಕೊಂಡವಳಿಗೆ ಅಂಟಿರುತ್ತದೆ.

ಈ ನಾಚಿಕೆಗೆ ನಮ್ಮ ದೇಶದಲ್ಲೇ ಹಳೆಯ ಚರಿತ್ರೆಯಿದೆ. ಈಸ್ಟ್ ಇಂಡಿಯಾ ಕಂಪನಿ 1797ರಲ್ಲಿ ಬಂಗಾಳದಲ್ಲಿ ನಿಯಮ ಮಾಡಿ, ಜೀವಾವಧಿ ಶಿಕ್ಷೆಯಾದ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನೇ ಹಚ್ಚೆ ಹಾಕಿಸುತ್ತಿತ್ತು. ಆ ಪದ್ಧತಿ 1849ರಲ್ಲಿ ನಿಂತಿತು. ಅಲ್ಲಿಯವರೆಗೆ ಹಾಕಿಸಿಕೊಂಡವರು ಕೂದಲು ಇಳಿಬಿಟ್ಟು, ಮುಂಡಾಸನ್ನು ಹುಬ್ಬಿನವರೆಗೆ ಎಳೆದು ಕಟ್ಟಿ ಬದುಕಿದರು. ಸ್ವತಂತ್ರ ಭಾರತದಲ್ಲೂ ಇಂಥದ್ದು ನಡೆದಿದೆ. 1993ರಲ್ಲಿ ಅಮೃತಸರದ ಪೊಲೀಸರು ತಾವು ಹಿಡಿದಿಟ್ಟುಕೊಂಡಿದ್ದ ನಾಲ್ವರು ಹೆಂಗಸರ ಹಣೆಯ ಮೇಲೆ "ಜೇಬ್‌ಕತ್ರಿ", ಅಂದರೆ ಜೇಬುಗಳ್ಳಿ ಎಂದು ಹಚ್ಚೆ ಹಾಕಿಸಿದರು. ತಪ್ಪಿತಸ್ಥ ಅಧಿಕಾರಿಗಳಿಗೆ ಸಿಬಿಐ ನ್ಯಾಯಾಲಯ ಶಿಕ್ಷೆ ಕೊಟ್ಟದ್ದು 2016ರಲ್ಲಿ. ಒತ್ತಾಯದ ಹಚ್ಚೆ ಅಪರಾಧವೆಂದು ಒಪ್ಪಿಕೊಳ್ಳಲು ಕಾನೂನಿಗೆ 23 ವರ್ಷ ಬೇಕಾಯಿತು. ಆದರೂ ಒಪ್ಪಿಕೊಂಡಿತು. ನಿಮ್ಮ ಕೈ ಮೇಲಿನದನ್ನೂ ಅದೇ ಸಾಲಿನಲ್ಲಿಟ್ಟು ನೋಡಿ.

ಈಗ ಅಮ್ಮನ ಸಲಹೆಗೆ ಬರುತ್ತೇನೆ. ಮಗಳ ನೋವು ನೋಡಲಾರದೆ ಹೇಳಿದ ಮಾತು ಅದು. ಆದರೆ ದಯವಿಟ್ಟು ಸುಣ್ಣ, ಸೋಡಾ ಹಚ್ಚಬೇಡಿ. ನಮ್ಮ ಚರ್ಮದ ಮೇಲ್ಪದರ ಹೆಚ್ಚು ಕಡಿಮೆ ತಿಂಗಳಿಗೊಮ್ಮೆ ಉದುರಿ ಹೊಸದಾಗುತ್ತದೆ. ಟ್ಯಾಟೂ ಶಾಯಿ ಅಲ್ಲಿದ್ದಿದ್ದರೆ ತಾನಾಗಿಯೇ ಹೋಗಿರುತ್ತಿತ್ತು. ಅದು ಕೂತಿರುವುದು ಅದರ ಕೆಳಗಿನ ಒಳಚರ್ಮದಲ್ಲಿ, ಸುಮಾರು 1ರಿಂದ 2 ಮಿಲಿಮೀಟರ್ ಆಳದಲ್ಲಿ. ಸುಣ್ಣ ಅಲ್ಲಿಗೆ ಮುಟ್ಟಬೇಕಾದರೆ ಮೇಲಿರುವುದನ್ನೆಲ್ಲ ಸುಟ್ಟುಕೊಂಡೇ ಇಳಿಯಬೇಕು. ಅದರಲ್ಲೂ ಸುಣ್ಣದಂಥ ಕ್ಷಾರದ ಸುಟ್ಟಗಾಯ ಒಳಗೊಳಗೇ ಆಳಕ್ಕೆ ಹೋಗುತ್ತಲೇ ಇರುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ, ಉಪ್ಪು ಹಾಕಿ ತಿಕ್ಕುವುದು, ಆನ್‌ಲೈನಿನಲ್ಲಿ ಸಿಗುವ "ಟ್ಯಾಟೂ ರಿಮೂವಲ್ ಕ್ರೀಮ್" ಎಲ್ಲದರ ಕತೆಯೂ ಇಷ್ಟೇ. ಆ ಕ್ರೀಮುಗಳಲ್ಲಿ ಕೆಲವಕ್ಕೆ ಟ್ರೈಕ್ಲೋರೋಅಸಿಟಿಕ್ ಆಸಿಡ್ ಹಾಕಿರುತ್ತಾರೆ. ಹೀಗೆ ಸುಟ್ಟುಕೊಂಡ ಕೈಗಳನ್ನು ನೋಡಿದ್ದೇನೆ. ಗಾಯ ಮಾಗಿ ಉಬ್ಬಿದ ಗುಲಾಬಿ ಗಂಟು, ಆ ಗಂಟಿನೊಳಗೆ ಹೆಸರು ಇನ್ನೂ ಓದಲು ಬರುತ್ತಿತ್ತು. ಆಮೇಲೆ ಲೇಸರ್ ಮಾಡುವುದು ದುಪ್ಪಟ್ಟು ಕಷ್ಟ.

ಲೇಸರ್ ವಿಷಯಕ್ಕೆ ಹೋಗುವ ಮುನ್ನ ಬೇರೆ ಯಾರೂ ನಿಮಗೆ ಹೇಳಿರಲಿಕ್ಕಿಲ್ಲದ ಒಂದು ಮಾತಿದೆ. ನಿಮ್ಮ ಕೇಸು ಇನ್ನೂ ನಡೆಯುತ್ತಿದೆ. ಆ ಟ್ಯಾಟೂ, ಆ ಎರಡು ಕಲೆಗಳು ಸಾಕ್ಷ್ಯ. ಅಳಿಸುವ ಮುನ್ನ ನಿಮ್ಮ ವಕೀಲರಿಗೆ ಹೇಳಿ. ಸರ್ಕಾರಿ ಆಸ್ಪತ್ರೆಗೆ ಹೋಗಿ, ಟ್ಯಾಟೂ ಎಲ್ಲಿದೆ, ಎಷ್ಟು ಉದ್ದ, ಯಾವ ಬಣ್ಣ, ಪಕ್ಕದ ಕಲೆಗಳ ಅಳತೆ ಏನು ಎಂಬುದನ್ನೆಲ್ಲ ವೈದ್ಯರಿಂದ ದಾಖಲೆಯಲ್ಲಿ ಬರೆಸಿ. ಸಿಗರೇಟಿನ ಸುಟ್ಟಗಾಯ ಸುಮಾರು ಒಂದು ಸೆಂಟಿಮೀಟರಿನಷ್ಟು, ಅಂಚು ಕೊರೆದಿಟ್ಟಂತೆ ದುಂಡಗಿರುತ್ತದೆ. ಬೇರೆ ಕಲೆಗಳಿಂದ ಅದನ್ನು ಗುರುತಿಸಲು ವೈದ್ಯರಿಗೆ ಬರುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಹಗಲು ಬೆಳಕಿನಲ್ಲಿ, ಒಂದು ಫೋಟೋ ಹತ್ತಿರದಿಂದ, ಇನ್ನೊಂದು ನಿಮ್ಮ ಮುಖವೂ ಕಾಣುವಂತೆ ದೂರದಿಂದ ತೆಗೆಸಿಟ್ಟುಕೊಳ್ಳಿ.

ದುಡ್ಡಿನ ಮಾತೂ ಇಲ್ಲೇ ಬರುತ್ತದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆಯ 20ನೇ ಕಲಮಿನಡಿ ವೈದ್ಯಕೀಯ ಖರ್ಚು ಕೇಳಬಹುದು. 22ನೇ ಕಲಮಿನಡಿ ದೈಹಿಕ, ಮಾನಸಿಕ ನೋವಿಗೆ ಪರಿಹಾರವನ್ನೂ ಕೇಳಬಹುದು. ಟ್ಯಾಟೂ ತೆಗೆಸುವ ಖರ್ಚನ್ನು ಅದರಲ್ಲಿ ಸೇರಿಸಿ ಅರ್ಜಿ ಹಾಕಲು ವಕೀಲರನ್ನು ಕೇಳಿ. ಕೊಡಿಸುವುದು ಮ್ಯಾಜಿಸ್ಟ್ರೇಟರಿಗೆ ಬಿಟ್ಟದ್ದು, ಆದರೆ ಕೇಳದೆ ಇರಬೇಡಿ. ವಕೀಲರ ಫೀಸು ಭಾರವಾಗುತ್ತಿದ್ದರೆ, ಆದಾಯ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಆರೋಗ್ಯ ವಿಮೆಯನ್ನು ನಂಬಿಕೊಳ್ಳಬೇಡಿ. ವಿಮಾ ಕಂಪನಿಗಳು ಇದನ್ನು ಸಾಮಾನ್ಯವಾಗಿ ಸೌಂದರ್ಯ ಚಿಕಿತ್ಸೆಯ ಲೆಕ್ಕಕ್ಕೆ ಹಾಕಿ ಕೈಬಿಡುತ್ತವೆ. ನನಗೆ ಅದು ಅನ್ಯಾಯವೆಂದೇ ಅನ್ನಿಸುತ್ತದೆ.

ಇನ್ನು ಲೇಸರ್. ಶಾಯಿ ಒಳಚರ್ಮದಲ್ಲಿ ಸುಮ್ಮನೆ ಬಿದ್ದುಕೊಂಡಿರುವುದಿಲ್ಲ. ಸೂಜಿ ಚುಚ್ಚಿದ ಕೂಡಲೇ ದೇಹದ ಕಾವಲು ಕೋಶಗಳಾದ ಮ್ಯಾಕ್ರೋಫೇಜ್‌ಗಳು ಬಂದು ಅದರ ಕಣಗಳನ್ನು ನುಂಗುತ್ತವೆ. ಕರಗಿಸಿಕೊಳ್ಳಲಾಗದೆ ಒಳಗಿಟ್ಟುಕೊಂಡೇ ಕೂರುತ್ತವೆ. ಆ ಕೋಶ ಸತ್ತಾಗ ಹೊರಬಿದ್ದ ಶಾಯಿಯನ್ನು ಹೊಸ ಕೋಶ ಮತ್ತೆ ನುಂಗುತ್ತದೆ. ಇದನ್ನು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿಕೊಟ್ಟರು. ಹೀಗೆ ಕೈಯಿಂದ ಕೈಗೆ ದಾಟುತ್ತ ಶಾಯಿ ಅಲ್ಲೇ ಉಳಿಯುತ್ತದೆ. ಲೇಸರ್ ಮಾಡುವುದು ಆ ಕಣಗಳನ್ನು ಒಡೆಯುವ ಕೆಲಸ. ಬಂಡೆ ಒಡೆದು ಜಲ್ಲಿ ಮಾಡಿದರೆ ಬುಟ್ಟಿಯಲ್ಲಿ ಹೊರಬಹುದಲ್ಲ, ಹಾಗೆ. ಹೊರುವ ಕೆಲಸ ನಿಮ್ಮ ದೇಹದ್ದೇ. ದುಗ್ಧನಾಳಗಳ ಮೂಲಕ ನಿಧಾನವಾಗಿ ಅದು ಸಾಗಿಸುತ್ತದೆ. ಅದಕ್ಕೇ ಎರಡು ಸಿಟ್ಟಿಂಗ್‌ಗಳ ನಡುವೆ 6ರಿಂದ 8 ವಾರ ಬಿಡಬೇಕು. "ಹದಿನೈದು ದಿನಕ್ಕೊಮ್ಮೆ ಬನ್ನಿ, ಬೇಗ ಮುಗಿಸೋಣ" ಎನ್ನುವವರ ಹತ್ತಿರ ಹೋಗಬೇಡಿ.

ಗೆಳತಿಯ ಹೆದರಿಕೆ ಪೂರ್ತಿ ಸುಳ್ಳಲ್ಲ. ಲೇಸರ್ ಕಪ್ಪು ಬಣ್ಣವನ್ನು ಹುಡುಕಿ ಹೊಡೆಯುತ್ತದೆ, ನಮ್ಮ ಚರ್ಮದ ಮೆಲನಿನ್ ಕೂಡ ಬಣ್ಣವೇ. ಬೆಳಕಿನ ತರಂಗ ಮತ್ತು ಹೊಡೆತದ ಅವಧಿಯನ್ನು ಸರಿಯಾಗಿ ಆಯ್ದುಕೊಂಡರೆ ಸುತ್ತಲಿನ ಚರ್ಮಕ್ಕೆ ಹೆಚ್ಚು ಪೆಟ್ಟಾಗದಂತೆ ಬೇಕಾದ ಕಣವನ್ನಷ್ಟೇ ಬಿಸಿ ಮಾಡಬಹುದು ಎಂದು ಆಂಡರ್ಸನ್ ಮತ್ತು ಪ್ಯಾರಿಷ್ ಎಂಬ ಇಬ್ಬರು ಅಮೆರಿಕದ ಚರ್ಮವೈದ್ಯರು 1983ರಲ್ಲಿ ವಿವರಿಸಿದರು. ಇಂದಿನ ಟ್ಯಾಟೂ ಲೇಸರ್‌ಗಳೆಲ್ಲ ಅದೇ ತತ್ವದ ಮೇಲೆ ಕೆಲಸ ಮಾಡುತ್ತವೆ. ನಮ್ಮಂಥ ಕಂದು ಚರ್ಮಕ್ಕೆ ಎಲ್ಲಕ್ಕಿಂತ ಸುರಕ್ಷಿತ ಎಂದರೆ 1064 ನ್ಯಾನೋಮೀಟರ್ ತರಂಗದ ಎನ್‌ಡಿ ಯಾಗ್ ಲೇಸರ್. ಅದು ಮೆಲನಿನ್‌ಗೆ ಹೆಚ್ಚು ಅಂಟದೆ ಆಳಕ್ಕಿಳಿದು ಕಪ್ಪು ಶಾಯಿಗೆ ತಾಗುತ್ತದೆ. ಯಂತ್ರದಲ್ಲಿ ಎರಡು ಬಗೆ. ಕ್ಯೂ-ಸ್ವಿಚ್ಡ್ ಯಂತ್ರದ ಹೊಡೆತವನ್ನು ನ್ಯಾನೋ ಸೆಕೆಂಡಿನಲ್ಲಿ ಅಳೆಯುತ್ತಾರೆ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲು. ಪೀಕೊ ಯಂತ್ರದ್ದು ಅದಕ್ಕಿಂತಲೂ ಚುಟುಕು. ಪೀಕೊ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕಪ್ಪು ಅಕ್ಷರಗಳಿಗೆ ಹಳೆಯ ಕ್ಯೂ-ಸ್ವಿಚ್ಡ್ ಯಂತ್ರವೂ ನಡೆಯುತ್ತದೆ. ಯಂತ್ರದ ಹೆಸರಿಗಿಂತ ಅದನ್ನು ಹಿಡಿಯುವ ಕೈ ಮುಖ್ಯ.

ಸರಿಯಾಗಿ ಮಾಡಿದರೂ ಕೆಲವರಿಗೆ ಆ ಜಾಗ ಕೆಲವು ತಿಂಗಳು ತಿಳಿಯಾಗಬಹುದು, ಇನ್ನು ಕೆಲವರಿಗೆ ಕಪ್ಪಾಗಬಹುದು. ಬಹುಪಾಲು ತಾನಾಗಿ ಸರಿಹೋಗುತ್ತದೆ. ಅಪರೂಪಕ್ಕೆ ಬಿಳಿ ಛಾಯೆ ಉಳಿಯುವುದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ತೊನ್ನಲ್ಲ, ಮೈಗೆಲ್ಲ ಹಬ್ಬುವುದಿಲ್ಲ. ನಿಮಗೆ ಮೊದಲೇ ಎಲ್ಲಾದರೂ ತೊನ್ನಿನ ಮಚ್ಚೆಯಿದ್ದರೆ, ಅಥವಾ ಕಿವಿ ಚುಚ್ಚಿಸಿದಾಗ, ಗಾಯವಾದಾಗ ಗಂಟು ಕಟ್ಟುವ ಮೈಯಾಗಿದ್ದರೆ ಅದನ್ನು ಮೊದಲ ದಿನವೇ ವೈದ್ಯರಿಗೆ ಹೇಳಿ. ಆ ಎರಡರಲ್ಲಿ ಒಂದಿದ್ದರೂ ಲೆಕ್ಕಾಚಾರ ಬದಲಾಗುತ್ತದೆ.

ಕೆಂಪು ಹೃದಯ ಬೇರೆಯೇ ತಲೆನೋವು. ಕೆಂಪಿಗೆ 1064 ತಾಗುವುದಿಲ್ಲ, 532 ನ್ಯಾನೋಮೀಟರ್ ಬೇಕು. ಆ ತರಂಗವನ್ನು ಮೆಲನಿನ್ ಚೆನ್ನಾಗಿ ಹೀರಿಕೊಳ್ಳುತ್ತದೆ, ಹಾಗಾಗಿ ಬಿಳಿ ಕಲೆಯ ಅಪಾಯ ಹೆಚ್ಚು. ಅಲರ್ಜಿ ಬರುವುದೂ ಕೆಂಪು ಶಾಯಿಗೇ ಜಾಸ್ತಿ. ಆ ಹೃದಯದ ಜಾಗ ಆಗಾಗ ತುರಿಸುವುದು, ಉಬ್ಬುವುದು ಇದ್ದರೆ ಲೇಸರ್ ಮುಟ್ಟಿಸಬಾರದು, ಒಡೆದ ಕಣ ಮೈಗೆಲ್ಲ ಅಲರ್ಜಿ ಎಬ್ಬಿಸಬಹುದು. ಹಾಗೇನೂ ಇಲ್ಲದಿದ್ದರೆ ನನ್ನ ಸಲಹೆ ಇದು: ಅಕ್ಷರಗಳು ಮುಗಿಯುವವರೆಗೆ ಹೃದಯದ ತಂಟೆಗೆ ಹೋಗಬೇಡಿ. ಅದು ಬೇಳೆಕಾಳಿನಷ್ಟೇ ದೊಡ್ಡದಾಗಿದ್ದರೆ ಚರ್ಮ ಮರಗಟ್ಟಿಸಿ ಕತ್ತರಿಸಿ ಹೊಲಿಗೆ ಹಾಕುವುದು ಒಮ್ಮೆಗೇ ಮುಗಿಯುವ ದಾರಿ. ಗೆರೆಯಂಥ ಕಲೆ ಉಳಿಯುತ್ತದೆ, ಅಷ್ಟೇ.

ಎಷ್ಟು ಸಿಟ್ಟಿಂಗ್ ಬೇಕು? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ತಮ್ಮನ ನವಿಲಿಗೂ ಇದೇ ಉತ್ತರ ಕೊಡುತ್ತದೆ. ವೈದ್ಯರು ಅಂದಾಜಿಗೆ ಕರ್ಬಿ-ದೇಸಾಯಿ ಎಂಬ ಅಳತೆಗೋಲನ್ನು ಬಳಸುತ್ತಾರೆ, 2009ರಲ್ಲಿ ಬಂದದ್ದು. ಚರ್ಮದ ಬಣ್ಣ, ಟ್ಯಾಟೂ ಇರುವ ಜಾಗ, ಶಾಯಿಯ ಬಣ್ಣಗಳು, ಶಾಯಿಯ ಪ್ರಮಾಣ, ಗಾಯದ ಕಲೆ, ಒಂದರ ಮೇಲೊಂದು ಹಾಕಿದೆಯೇ ಎಂಬ ಆರಕ್ಕೆ ಅಂಕ ಕೊಟ್ಟು ಕೂಡಿಸಿದರೆ ಬರುವ ಮೊತ್ತ ಹೆಚ್ಚು ಕಡಿಮೆ ಸಿಟ್ಟಿಂಗ್‌ಗಳ ಸಂಖ್ಯೆ. ನಿಮ್ಮ ಪತ್ರದಿಂದ ತಿಳಿದಷ್ಟಕ್ಕೆ ಅಂಕ ಹಾಕುತ್ತೇನೆ. ಚರ್ಮ ನಮ್ಮ ಕಡೆಯ ಸಾಧಾರಣ ಬಣ್ಣವೆಂದುಕೊಂಡರೆ 4. ಮುಂಗೈಗೆ 5, ಏಕೆಂದರೆ ಎದೆಯಿಂದ ದೂರ ಹೋದಷ್ಟೂ ಶಾಯಿ ಸಾಗುವುದು ನಿಧಾನ. ಕಪ್ಪಿನ ಜೊತೆ ಸ್ವಲ್ಪ ಕೆಂಪಿಗೆ 2. ಶಾಯಿ ಕಡಿಮೆ, ಅದಕ್ಕೆ 2. ಅಕ್ಷರಗಳ ಮೇಲೆ ಗಂಟಿಲ್ಲದಿದ್ದರೆ 0, ಪದರವಿಲ್ಲ ಎಂದು 0. ಒಟ್ಟು 13. ಈಗ ತಮ್ಮ ಹೇಳಿದಂತೆ ನಾಳೆಯೇ ನವಿಲು ಹಾಕಿಸಿ, ಮೂರು ವರ್ಷದ ನಂತರ ಅದೂ ಬೇಡ ಅನ್ನಿಸಿತು ಎಂದುಕೊಳ್ಳಿ. ಹಲವು ಬಣ್ಣಕ್ಕೆ 4, ತುಂಬ ಶಾಯಿಗೆ 4, ಪದರಕ್ಕೆ 2 ಆಗಿ ಮೊತ್ತ 19ಕ್ಕೆ ಏರುತ್ತದೆ. ನವಿಲಿನ ನೀಲಿ, ಹಸಿರುಗಳಿಗೆ 1064 ಸಾಲದು, ಬೇರೆ ಲೇಸರ್‌ಗಳು ಬೇಕು. ಅವು ನಮ್ಮ ಚರ್ಮಕ್ಕೆ ಅಷ್ಟು ಸೌಮ್ಯವಲ್ಲ.

ಆದ್ದರಿಂದ ನಾನು ಹೇಳುವ ಕ್ರಮ ಒಂದೇ: ಮೊದಲು ತಿಳಿಗೊಳಿಸಿ, ಆಮೇಲೆ ತೀರ್ಮಾನಿಸಿ. ಅಳಿಸುವುದೋ ಮುಚ್ಚುವುದೋ ಎಂದು ಇವತ್ತೇ ಹೇಳಬೇಕಾಗಿಲ್ಲ. ಮೂರು ನಾಲ್ಕು ಸಿಟ್ಟಿಂಗ್ ಲೇಸರ್ ಮಾಡಿಸಿ. ಆರು ತಿಂಗಳಲ್ಲಿ ಕಡುಗಪ್ಪು ಮಂಕಾಗಿ ಬೂದಿ ಬಣ್ಣಕ್ಕೆ ಬರಬಹುದು, ಎದುರು ಕೂತವರಿಗೆ ಓದಲು ಬಾರದಷ್ಟು. ಹಲವರಿಗೆ ಅಷ್ಟಕ್ಕೇ ಉಸಿರು ಸಲೀಸಾಗುತ್ತದೆ. ಆಮೇಲೆ ಮುಂದುವರಿಸಿ ಪೂರ್ತಿ ಅಳಿಸಬಹುದು. ನಿಮ್ಮ ಅಂದಾಜಿನ 13 ಸಿಟ್ಟಿಂಗ್‌ಗೆ ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ಅಥವಾ ಅಲ್ಲಿಗೇ ನಿಲ್ಲಿಸಿ ಮೇಲೊಂದು ಚಿತ್ರ ಹಾಕಿಸಿಕೊಳ್ಳಬಹುದು. ಎರಡು ಬಾಗಿಲೂ ತೆರೆದಿರುತ್ತವೆ. ಮೊದಲೇ ಮುಚ್ಚಿಸಿದರೆ ಒಂದು ಬಾಗಿಲು ಅರ್ಧ ಮುಚ್ಚಿದ ಹಾಗೆ. ಒಬ್ಬರ ಅವಸರಕ್ಕೆ ಮೈಮೇಲೆ ಬರೆಸಿಕೊಂಡದ್ದಾಗಿದೆ. ಈಗ ಇನ್ನೊಬ್ಬರ ಅವಸರಕ್ಕೆ, ಅದು ಪ್ರೀತಿಯ ತಮ್ಮನದೇ ಆಗಿದ್ದರೂ, ಮತ್ತೊಂದು ಹಾಕಿಸಿಕೊಳ್ಳಬೇಡಿ.

ಸಿಟ್ಟಿಂಗ್ ಹೇಗಿರುತ್ತದೆ ಎಂದು ವಿವರವಾಗಿ ಹೇಳುತ್ತೇನೆ, ಏಕೆಂದರೆ ಸುಟ್ಟ ನೋವು ತಿಂದವರಿಗೆ ಇದು ಬೇರೆಯವರಿಗಿಂತ ಕಷ್ಟವಾಗಬಹುದು. ಮರಗಟ್ಟಿಸುವ ಕ್ರೀಮನ್ನು ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಒಂದು ಗಂಟೆ ಕೂರಿಸುತ್ತಾರೆ. ಆಮೇಲೆ ಒರೆಸಿ, ಕಣ್ಣಿಗೆ ಕನ್ನಡಕ ಹಾಕಿ ಲೇಸರ್ ಬಿಡುತ್ತಾರೆ. ಚಟ್ ಚಟ್ ಎಂದು ಸದ್ದಾಗುತ್ತದೆ, ಬಿಸಿ ಎಣ್ಣೆಯ ಹನಿ ಸಿಡಿದಷ್ಟು ಚುರುಕು, ಕೂದಲು ಸುಟ್ಟ ವಾಸನೆ. ಹೊಡೆತ ಬಿದ್ದಲ್ಲಿ ಅಕ್ಷರ ಆ ಕ್ಷಣವೇ ಬೆಳ್ಳಗಾಗುತ್ತದೆ. ಒಳಗೆ ಎದ್ದ ಅನಿಲದ ಗುಳ್ಳೆಗಳು ಅವು, ಇಪ್ಪತ್ತು ನಿಮಿಷದಲ್ಲಿ ಇಳಿದು ಕಪ್ಪು ಮತ್ತೆ ಕಾಣುತ್ತದೆ. "ಹೋಯಿತು" ಎಂದು ಹಿಗ್ಗಿ ಮತ್ತೆ ಕಂಡಾಗ ಕುಸಿಯುವವರು ಇದ್ದಾರೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ಹೆಸರಿನ ಉದ್ದಕ್ಕೆ ಲೇಸರ್ ಹೊಡೆಯಲು ಕೆಲವೇ ನಿಮಿಷ ಸಾಕು.

ಆ ಕನ್ನಡಕದ ವಿಷಯದಲ್ಲಿ ಒಂದು ಮಾತು. ಕೆಲವು ಕಡೆ ಏನೂ ಕಾಣದ ಕಪ್ಪು ಕವಚ ಹಾಕುತ್ತಾರೆ. ಕಣ್ಣು ಕಟ್ಟಿಸಿಕೊಂಡು, ಯಾರೋ ಕೈ ಹಿಡಿದು ಸುಡುತ್ತಿದ್ದಾರೆ ಎಂಬ ಅನುಭವ ನಿಮ್ಮನ್ನು ಒಮ್ಮೆಗೇ ಆ ಹಳೆಯ ಮನೆಯೊಳಕ್ಕೆ ಎಳೆದು ಹಾಕಬಹುದು. ಮುಂಗೈಗೆ ಮಾಡುವಾಗ ಆ ಲೇಸರ್ ತರಂಗವನ್ನು ತಡೆಯುವ ಬಣ್ಣದ ಗಾಜಿನ ಕನ್ನಡಕ ಸಾಕು, ಅದರಲ್ಲಿ ಸುತ್ತಲಿನದು ಕಾಣುತ್ತದೆ. ಅದನ್ನೇ ಕೊಡಿ ಎಂದು ಕೇಳಿ. ಸಿಗರೇಟಿನ ವಿಷಯವನ್ನು ವೈದ್ಯರಿಗೆ ಒಂದು ವಾಕ್ಯದಲ್ಲಾದರೂ ತಿಳಿಸಿ. ಇನ್ನೊಂದು ಕೈ ಎತ್ತಿದರೆ ತಕ್ಷಣ ನಿಲ್ಲಿಸಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಅಮ್ಮನನ್ನೋ ಗೆಳತಿಯನ್ನೋ ಒಳಗೆ ಕೂರಿಸಿಕೊಳ್ಳಿ, ಅವರಿಗೂ ಕನ್ನಡಕ ಕೊಡಿಸಿ. ಇದಕ್ಕೆ ಮುಖ ಸಿಂಡರಿಸುವ ವೈದ್ಯರಾದರೆ ಬೇರೆ ವೈದ್ಯರನ್ನು ನೋಡಿ.

ಮನೆಗೆ ಬಂದ ಮೇಲೆ ಗುಳ್ಳೆ ಏಳಬಹುದು. ಒಡೆಯಬೇಡಿ. ಕೊಟ್ಟ ಮುಲಾಮು ಹಚ್ಚಿ, ಬಟ್ಟೆ ಉಜ್ಜದಂತೆ ಸಡಿಲವಾಗಿ ಕಟ್ಟಿಕೊಳ್ಳಿ. ಹಕ್ಕಳೆ ಕೀಳಬೇಡಿ. ಗಾಯ ಮಾಗಿದ ಮೇಲೆ ಬಿಸಿಲಿಗೆ ಹೋಗುವಾಗ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿ. ನಮ್ಮ ಚರ್ಮ ಕಪ್ಪುಗಟ್ಟುವುದು ಬಹುಮಟ್ಟಿಗೆ ಬಿಸಿಲಿನಿಂದಲೇ.

ಮುಚ್ಚಿಸುವುದೇ ಸರಿ ಎಂದು ಆಮೇಲೆ ಅನ್ನಿಸಿದರೆ ಅದನ್ನೂ ಸಂತೋಷದಿಂದ ಮಾಡಿಸಿ. ಲೇಸರ್ ಅನ್ನೇ ಮೇಲೆಂದು ನಾನು ಹೇಳುತ್ತಿಲ್ಲ. ಅಳಿಸಿದರೆ ಖಾಲಿ ಚರ್ಮ ಸಿಗುತ್ತದೆ, ಮುಚ್ಚಿಸಿದರೆ ತಾನೇ ಆಯ್ದುಕೊಂಡ ಚಿತ್ರ ಸಿಗುತ್ತದೆ, ಕೆಲವರಿಗೆ ಬೇಕಾಗಿರುವುದು ಎರಡನೆಯದೇ. ಅಮೆರಿಕದ ಓಹಾಯೋದಲ್ಲಿ ಜೆನಿಫರ್ ಕೆಂಪ್ಟನ್ ಎಂಬಾಕೆ ಇದ್ದರು. ಮಾನವ ಸಾಗಣೆಯ ಜಾಲದಿಂದ ಪಾರಾಗಿ ಬಂದವರು. ತನ್ನನ್ನು ಮಾರಿದವರು ಮೈಮೇಲೆ ಹಾಕಿಸಿದ್ದ ಗುರುತುಗಳನ್ನು ಹೊಸ ಚಿತ್ರಗಳಿಂದ ಮುಚ್ಚಿಸಿಕೊಂಡು, ತನ್ನಂಥ ಇತರ ಹೆಂಗಸರಿಗೂ ಹಾಗೆ ಮಾಡಿಸಿಕೊಡಲು 2014ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಬ್ರೆಜಿಲ್‌ನ ಕುರಿಟಿಬಾದಲ್ಲಿ ಫ್ಲಾವಿಯಾ ಕಾರ್ವಾಲ್ಯೊ ಎಂಬ ಕಲಾವಿದೆ ಗಂಡಸರ ಹಲ್ಲೆಯಿಂದಾದ ಕಲೆಗಳ ಮೇಲೆ ಹೂವು, ಹಕ್ಕಿಗಳನ್ನು ದುಡ್ಡು ತೆಗೆದುಕೊಳ್ಳದೆ ಬಿಡಿಸಿಕೊಟ್ಟರು. ಅಳಿಸುವವರೂ ಇದ್ದಾರೆ. ಲಾಸ್ ಏಂಜಲೀಸ್‌ನಲ್ಲಿ ಫಾದರ್ ಗ್ರೆಗ್ ಬಾಯ್ಲ್ 1988ರಲ್ಲಿ ಶುರು ಮಾಡಿದ ಕೆಲಸ ಬೆಳೆದು ಹೋಮ್‌ಬಾಯ್ ಇಂಡಸ್ಟ್ರೀಸ್ ಆಯಿತು. ಗ್ಯಾಂಗುಗಳನ್ನು ಬಿಟ್ಟು ಬಂದವರ ಮುಖದ, ಕೊರಳಿನ ಗ್ಯಾಂಗ್ ಗುರುತುಗಳನ್ನು ಅಲ್ಲಿ ಉಚಿತವಾಗಿ ಲೇಸರ್‌ನಿಂದ ತೆಗೆಯುತ್ತಾರೆ, ಅದರ ಜೊತೆಗೇ ಕೆಲಸ ಕಲಿಸುತ್ತಾರೆ, ಆಪ್ತಸಮಾಲೋಚನೆಯನ್ನೂ ಕೊಡುತ್ತಾರೆ. ನಮ್ಮ ರಾಜ್ಯದ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ, ದೌರ್ಜನ್ಯದಿಂದ ಪಾರಾಗಿ ಬಂದ ಹೆಣ್ಣುಮಕ್ಕಳಿಗಾದರೂ, ಇಂಥದೊಂದು ಏರ್ಪಾಡು ಆಗಬೇಕು ಎಂಬುದು ನನ್ನ ಬಹುದಿನದ ಆಸೆ. ಚರ್ಮರೋಗ ವಿಭಾಗ ಇದೆ, ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ಒಂದೇ ಕಡೆ ನೆರವು ಕೊಡುವ ಸಖಿ ಕೇಂದ್ರಗಳಿವೆ, ಎರಡನ್ನೂ ಒಂದೇ ಚೀಟಿಯಲ್ಲಿ ಕೂಡಿಸಿದರೆ ಆಗುವ ಕೆಲಸ ಅದು.

ಮುಚ್ಚಿಸುವಾಗ ತಿಳಿದಿರಬೇಕಾದದ್ದು ಕೆಲವು. ಕಪ್ಪಿನ ಮೇಲೆ ತಿಳಿ ಬಣ್ಣ ನಿಲ್ಲುವುದಿಲ್ಲ, ಹಾಗಾಗಿ ಹೊಸ ಚಿತ್ರ ಹಳೆಯದಕ್ಕಿಂತ ಎರಡು ಮೂರು ಪಟ್ಟು ದೊಡ್ಡದೂ ಕಡುಬಣ್ಣದ್ದೂ ಆಗಿರಬೇಕಾಗುತ್ತದೆ. ಮೊದಲು ಲೇಸರ್‌ನಿಂದ ತಿಳಿಗೊಳಿಸಿದ್ದರೆ ಈ ಕಟ್ಟುಪಾಡು ಸಡಿಲವಾಗಿ, ಸಣ್ಣದೊಂದು ಬಳ್ಳಿಯೂ ಸಾಕಾಗಬಹುದು. ಕೊನೆಯ ಲೇಸರ್ ಆಗಿ ಎರಡು ಮೂರು ತಿಂಗಳು ಕಳೆದು, ಚರ್ಮ ಪೂರ್ತಿ ಮಾಗಿದ ಮೇಲೆ ಮಾಡಿಸಿ. ಸಿಗರೇಟಿನ ಕಲೆಗಳ ಮೇಲೂ ಚಿತ್ರ ಬರಬೇಕೆಂದರೆ ಆ ಕಲೆಗಳಿಗೆ ವರ್ಷ ತುಂಬಿರಬೇಕು, ಅವು ಚಪ್ಪಟೆಯಾಗಿ, ನೋವು ತುರಿಕೆ ಇಲ್ಲದೆ ಇರಬೇಕು. ಉಬ್ಬಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಗಾಯದ ಚರ್ಮದಲ್ಲಿ ಶಾಯಿ ಹರಡಿಕೊಳ್ಳುವುದುಂಟು, ಆದ್ದರಿಂದ ಕಲೆಗಳ ಮೇಲೆ ಕೆಲಸ ಮಾಡಿ ಗೊತ್ತಿರುವ ಕಲಾವಿದರನ್ನೇ ಹುಡುಕಿ, ಅವರು ಮುಚ್ಚಿದ ಹಳೆಯ ಕೆಲಸದ ಫೋಟೋ ಕೇಳಿ. ಹೊಸ ಸೂಜಿಯ ಪೊಟ್ಟಣ ನಿಮ್ಮೆದುರೇ ಒಡೆಯಬೇಕು, ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡಬಹುದು. ಇನ್ನೊಂದು, ಮತ್ತೆ ಯಾರ ಹೆಸರೂ ಬೇಡ. ಮಗುವಿನದೂ ಬೇಡ ಎನ್ನುತ್ತೇನೆ, ಸದ್ಯಕ್ಕಂತೂ.

ಎಲ್ಲಿಗೆ ಹೋಗಬೇಕು? ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿವಿಡಿ ಓದಿದ ವೈದ್ಯರ ಹತ್ತಿರ. ಬ್ಯೂಟಿ ಪಾರ್ಲರುಗಳಲ್ಲಿ ಕೂದಲು ತೆಗೆಯಲು ಇಟ್ಟುಕೊಂಡ ಐಪಿಎಲ್ ಎಂಬ, ಲೇಸರ್ ಅಲ್ಲದ ಜೋರು ಬೆಳಕಿನ ಯಂತ್ರವನ್ನೇ ಟ್ಯಾಟೂಗೂ ಬಿಡುತ್ತಾರೆ. ಅದರ ಹೊಡೆತ ಮಿಲಿಸೆಕೆಂಡಿನದು, ಶಾಯಿ ಒಡೆಯುವುದಿಲ್ಲ, ಚರ್ಮ ಸುಡುತ್ತದೆ. ಖಾಸಗಿ ಕ್ಲಿನಿಕ್ ಆದರೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿಯ ನೋಂದಣಿ ಫಲಕ ಗೋಡೆಯ ಮೇಲಿದೆಯೇ ನೋಡಿ. ಅಲ್ಲಿ ಒಂದು ಸಿಟ್ಟಿಂಗ್‌ಗೆ ಯಂತ್ರ, ಅಳತೆ ನೋಡಿ ಕೆಲವು ಸಾವಿರ ರೂಪಾಯಿ ಆಗುತ್ತದೆ. ಹತ್ತು ಸಿಟ್ಟಿಂಗ್‌ಗೆ ಮುಂಗಡ ಕಟ್ಟಿಸಿಕೊಳ್ಳುವ "ಪ್ಯಾಕೇಜ್" ಒಪ್ಪಿಕೊಳ್ಳಬೇಡಿ, ನಡುವೆ ನಿಲ್ಲಿಸುವ ಹಕ್ಕು ನಿಮ್ಮಲ್ಲೇ ಇರಲಿ. ದುಡ್ಡು ಕಟ್ಟುವ ಮುನ್ನ ನಿಮ್ಮ ಹತ್ತಿರದ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗದಲ್ಲಿ ಲೇಸರ್ ಇದೆಯೇ ಎಂದು ವಿಚಾರಿಸಿ, ಇದ್ದಲ್ಲಿ ಖರ್ಚು ಬಹಳ ಇಳಿಯುತ್ತದೆ. ನೂರಕ್ಕೆ ನೂರು ಹೋಗುತ್ತದೆಂದು ಬರೆದು ಕೊಡುವವರನ್ನು ನಂಬಬೇಡಿ. ಒಳ್ಳೆಯ ಫಲಿತಾಂಶದಲ್ಲೂ ಓರೆ ಬೆಳಕಿನಲ್ಲಿ ನೋಡಿದರೆ ತೆಳು ನೆರಳೊಂದು ಉಳಿಯಬಹುದು.

ಹೆಸರು ಅಳಿದರೆ ನೆನಪು ಅಳಿಯುತ್ತದೆಯೇ ಎಂದು ನೀವು ಕೇಳಿಲ್ಲ, ಆದರೆ ಕೇಳಿದವರಿದ್ದಾರೆ. ಲೇಸರ್ ಅಷ್ಟು ಮಾಡಲಾರದು. ಅಡುಗೆ ಮಾಡುವಾಗ, ಬಸ್ಸಿನ ಕಂಬಿ ಹಿಡಿದಾಗ, ಸ್ನಾನದ ಹೊತ್ತಿನಲ್ಲಿ ದಿನಕ್ಕೆ ಹತ್ತಾರು ಸಲ ಕಣ್ಣಿಗೆ ಬೀಳುವುದು ತಪ್ಪುತ್ತದೆ, ಯಾರಾದರೂ ಕೇಳಿಯಾರೆಂಬ ಅಂಜಿಕೆ ತಪ್ಪುತ್ತದೆ. ಅದು ಕಡಿಮೆಯದಲ್ಲ. ರಾತ್ರಿ ಬೆಚ್ಚಿ ಏಳುವುದು, ಸಿಗರೇಟಿನ ವಾಸನೆಗೆ ಮೈ ನಡುಗುವುದು ಇದ್ದರೆ ಅದಕ್ಕೆ ಬೇರೆ ಚಿಕಿತ್ಸೆಯಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಆ ಮನುಷ್ಯ ಮತ್ತೆ ಬಂದು ಕಾಡಿದರೆ ಮಹಿಳಾ ಸಹಾಯವಾಣಿ 181 ಇದೆ.

ಸದ್ಯಕ್ಕೆ, ತುಂಬುತೋಳಿನ ಬಟ್ಟೆಯಿಲ್ಲದೆ ಹೊರಡಬೇಕೆನಿಸಿದ ದಿನಕ್ಕೆ, ಚರ್ಮದ ಬಣ್ಣಕ್ಕೆ ಹೊಂದುವ ಕ್ಯಾಮೊಫ್ಲಾಜ್ ಕ್ರೀಮ್ ಹಚ್ಚಿ ಮೇಲೆ ಪೌಡರ್ ಒತ್ತಿದರೆ ಸಂಜೆಯವರೆಗೆ ಮುಚ್ಚಿರುತ್ತದೆ. ತೊನ್ನಿನವರಿಗೆಂದು ಮಾಡಿದ ಕ್ರೀಮ್ ಅದು, ಟ್ಯಾಟೂ ಮೇಲೂ ನಿಲ್ಲುತ್ತದೆ. ಚಿಕಿತ್ಸೆಯನ್ನು ಬೇಸಿಗೆ ಕಳೆದು ಮಳೆಗಾಲದಲ್ಲಿ ಶುರು ಮಾಡಿ, ಆ ಹೊತ್ತಿಗೆ ಫೋಟೋ, ದಾಖಲೆ, ವಕೀಲರ ಮಾತು ಎಲ್ಲ ಮುಗಿದಿರುತ್ತದೆ. ಮೊದಲ ದಿನ ಪೂರ್ತಿ ಹೆಸರಿಗೆ ಲೇಸರ್ ಹೊಡೆಸಬೇಡಿ. ಒಂದೇ ಅಕ್ಷರಕ್ಕೆ ಕಡಿಮೆ ಶಕ್ತಿಯಲ್ಲಿ ಪರೀಕ್ಷೆಗೆ ಹೊಡೆಸಿ, ಎಂಟು ವಾರ ಕಾದು, ಚರ್ಮ ಬೆಳ್ಳಗಾಗುತ್ತದೋ ಕಪ್ಪಾಗುತ್ತದೋ ನೋಡಿ ಮುಂದುವರಿಯಲಿ. ಯಾವ ಅಕ್ಷರವಾದರೂ ವೈದ್ಯರಿಗೆ ಒಂದೇ. ಅದನ್ನು ನೀವೇ ಆರಿಸಿ ಹೇಳಿ.